ದೊಡ್ಡದು, ಚಿಕ್ಕದು, ಆಮೇಲೆ ಗಂಟೆ

ನಮ್ಮ ಭಾವ ದಡ್ಡರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದಿನದನ್ನು ಕೇಳಿದವರೆಲ್ಲ ಹಾಗೇ ಅಂದುಕೊಳ್ಳುತ್ತಾರೆ, ಆಮೇಲೆ ನಮ್ಮಕ್ಕ ನನ್ನ ಮೇಲೆ ಹರಿಹಾಯುತ್ತಾಳೆ. ಭಾವನಿಗೆ ಗೊತ್ತಿಲ್ಲದ ವಿಷಯ ಇಲ್ಲ. ಆದರೆ ಯಾವ ವಿಷಯವೂ ಪೂರ್ತಿ ಗೊತ್ತಿಲ್ಲ. ಎಲ್ಲದರಲ್ಲೂ ಕೊನೆಯ ಐದು ನಿಮಿಷದಷ್ಟು ಖೋತಾ.

ಅದಕ್ಕೆ ಕಾರಣ ಅವರ ಕೆಲಸ. ಭಾವ ಹೈಸ್ಕೂಲಿನಲ್ಲಿ ಜವಾನರಾಗಿದ್ದರು, ಮುಖ್ಯವಾಗಿ ಗಂಟೆ ಹೊಡೆಯುವವರು. ಗೇಟಿನ ಪಕ್ಕ ಒಂದು ರೈಲು ಕಂಬಿಯ ತುಂಡು ನೇತಾಡುತ್ತಿತ್ತು, ಅದೇ ಗಂಟೆ. ಪೀರಿಯಡ್ಡಿಗೂ ಪೀರಿಯಡ್ಡಿಗೂ ನಡುವೆ ಅವರಿಗೆ ಹೇಳಿಕೊಳ್ಳುವಂಥ ಕೆಲಸವಿರಲಿಲ್ಲ. ಹತ್ತನೇ ಕ್ಲಾಸಿನ ಕಿಟಕಿಯ ಹೊರಗೆ ಒಂದು ಸ್ಟೂಲು ಹಾಕಿಕೊಂಡು ಕೂತು, ಒಳಗೆ ನಡೆಯುವ ಪಾಠವನ್ನೆಲ್ಲ ಕೇಳುತ್ತಿದ್ದರು. ಇಪ್ಪತ್ತು ವರ್ಷ ಕೇಳಿದ್ದಾರೆ. ಆದರೆ ಪಾಠ ಮುಗಿಯಲು ಐದು ನಿಮಿಷ ಇರುವಾಗ ಎದ್ದು ಆಫೀಸಿಗೆ ಹೋಗಿ, ಗಡಿಯಾರ ನೋಡಿ, ಸುತ್ತಿಗೆ ತಗೊಂಡು, ಗೇಟಿನವರೆಗೆ ನಡೆಯಬೇಕಿತ್ತು. ಹಾಗಾಗಿ ಅವರ ಪಾಲಿಗೆ ಬೀಜ ಮೊಳಕೆ ಒಡೆಯುತ್ತದೆ, ಗಿಡವಾಗುವುದಿಲ್ಲ. ರಾಜರು ಯುದ್ಧಕ್ಕೆ ಹೊರಡುತ್ತಾರೆ, ಗೆದ್ದರೋ ಸೋತರೋ ದೇವರೇ ಬಲ್ಲ.

ಕೆಲಸದ ಈ ಚಾಳಿ ಮನೆಗೂ ಬಂತು. ಸಿನಿಮಾಕ್ಕೆ ಹೋದರೆ ಕೊನೆಯ ಐದು ನಿಮಿಷ ಇರುವಾಗ ಎದ್ದು ನಿಂತಿರುತ್ತಾರೆ, ಹಿಂದಿನ ಸಾಲಿನವರು ಬೈಯುತ್ತಾರೆ. ಊಟಕ್ಕೆ ಕೂತರೆ ಕೊನೆಯ ತುತ್ತು ತಟ್ಟೆಯಲ್ಲೇ ಉಳಿಯುತ್ತದೆ. ಅಕ್ಕನಿಗಂತೂ ಇದು ತೀರದ ಸಿಟ್ಟು. "ಮದುವೆ ಆದಾಗಿನಿಂದ ನನ್ನ ಒಂದು ಬೈಗುಳಾನೂ ಪೂರ್ತಿ ಕೇಳಿಸ್ಕೊಂಡಿಲ್ಲ ಈ ಮನುಷ್ಯ," ಅನ್ನುತ್ತಾಳೆ. "ಮುಖ್ಯವಾದ್ದನ್ನ ಹೇಳೋ ಹೊತ್ತಿಗೆ ಬಾಗಿಲಾಚೆ ಇರ್ತಾರೆ."

ನಾನು ಅವರ ಮನೆಯಲ್ಲೇ ಇರುವವಳು. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಿಷನ್ನು, ಬೀದಿಯವರ ಬಟ್ಟೆ ಹೊಲಿಯುತ್ತೇನೆ. ಆದ್ದರಿಂದ ಈ ಮನೆಯ ಎಲ್ಲ ಮಾತೂ ನನ್ನ ಕಿವಿಯ ಮೇಲೇ ಬೀಳಬೇಕು.

ಆ ವರ್ಷ ಶಾಲೆ ಶುರುವಾದಾಗಲೇ ಹೆಡ್ ಮೇಡಂ ಭಾವನನ್ನು ಕರೆದು ಹೇಳಿದ್ದರು. ಬರುವ ವರ್ಷದಿಂದ ಕರೆಂಟಿನ ಗಂಟೆ ಬರುತ್ತದೆ, ತನ್ನಷ್ಟಕ್ಕೆ ಹೊತ್ತುಹೊತ್ತಿಗೆ ಬಡಿದುಕೊಳ್ಳುತ್ತದೆ. ಕಂಬಿಯೂ ಬೇಡ, ಹೊಡೆಯುವವರೂ ಬೇಡ. ಲ್ಯಾಬಿನಲ್ಲಿ ಒಂದು ಜಾಗ ಇದೆ. ಆದರೆ ಅದಕ್ಕೆ ಹತ್ತನೇ ಕ್ಲಾಸ್ ಪಾಸಾಗಿರಬೇಕು. ಪಾಸಾದರೆ ಲ್ಯಾಬು, ಇಲ್ಲವಾದರೆ ಮನೆ.

ಭಾವ ಉಳಿದ ವಿಷಯಗಳನ್ನೆಲ್ಲ ಖಾಸಗಿಯಾಗಿ ಕಟ್ಟಿ ಪಾಸು ಮಾಡಿಕೊಂಡಿದ್ದರು. ಗಣಿತ ಒಂದು ಮಾತ್ರ ಗಂಟಲಲ್ಲಿ ಸಿಕ್ಕ ಮುಳ್ಳು. ಮೂರು ಸಲ ಬರೆದು ಮೂರು ಸಲವೂ ಒಂದೆರಡು ಅಂಕದಲ್ಲಿ ಬಿದ್ದಿದ್ದರು. ಬೀಳಿಸುತ್ತಿದ್ದದ್ದು ಪ್ರತಿಸಲವೂ ಅದೇ ಒಂದು ಜಾಗ: ಬಹುಲಕ, ವ್ಯಾಪ್ತಿ. ಒಂದಿಷ್ಟು ಅಂಕಿ ಕೊಟ್ಟಿರುತ್ತಾರೆ. ಅದರಲ್ಲಿ ಹೆಚ್ಚು ಸಲ ಬಂದಿರುವುದು ಯಾವುದೋ ಅದು ಬಹುಲಕ. ಅತಿ ದೊಡ್ಡದಕ್ಕೂ ಅತಿ ಚಿಕ್ಕದಕ್ಕೂ ಇರುವ ಅಂತರ ವ್ಯಾಪ್ತಿ. ಇಷ್ಟೇ. ನನಗೇ ಗೊತ್ತಿರುವಾಗ ಅದೇನು ಮಹಾ ವಿದ್ಯೆ? ಆದರೆ ಭಾವನ ತಪ್ಪು ಸಾಮಾನ್ಯದ ತಪ್ಪಲ್ಲ, ಪ್ರತಿಯೊಂದರ ಹಿಂದೆಯೂ ಒಂದು ವಾದ ಇರುತ್ತಿತ್ತು.

ಮೊದಲನೇ ಸಲ ಬಂದ ಲೆಕ್ಕದಲ್ಲಿ ಆರು ಎಂಬ ಅಂಕಿ ಮೂರು ಸಲ ಇತ್ತು. ಭಾವ ಉತ್ತರ ಬರೆದದ್ದು ಮೂರು.

"ಆರು ಅಲ್ವೇನ್ರೀ ಬರೀಬೇಕಾಗಿದ್ದು?" ಅಂದಳು ಅಕ್ಕ, ಮಗಳ ಪುಸ್ತಕ ಹಿಡಿದುಕೊಂಡು.

"ಅದ್ಹೇಗೆ? ನಾನು ಗಂಟೆ ಹೊಡೀತೀನಿ. ಯಾವ ಗಂಟೆ, ಯಾವ ಕಬ್ಬಿಣ ಅಂತ ಯಾರಾದ್ರೂ ಕೇಳ್ತಾರಾ? ಎಷ್ಟು ಸಲ ಹೊಡೀತು ಅಂತ ಎಣಿಸ್ತಾರೆ. ಒಂದು ಸಲ ಅಂದ್ರೆ ಮೊದಲ್ನೇ ಪೀರಿಯಡ್ಡು, ಮೂರು ಸಲ ಅಂದ್ರೆ ಮೂರನೇದು. ಎಷ್ಟು ಸಲ ಅನ್ನೋದೇ ಉತ್ತರ."

ಎರಡನೇ ಸಲ ಬಂದ ಲೆಕ್ಕದಲ್ಲಿ ಯಾವ ಅಂಕಿಯೂ ಎರಡು ಸಲ ಬಂದಿರಲಿಲ್ಲ. ಬಹುಲಕ ಇಲ್ಲ ಅಂತ ಬರೆದಿದ್ದರೆ ಮುಗಿಯುತ್ತಿತ್ತು. ಭಾವ ಏಳರ ಪಕ್ಕ ತಾವೇ ಇನ್ನೊಂದು ಏಳು ಬರೆದು, ಬಹುಲಕ ಏಳು ಅಂದರು.

"ಪರೀಕ್ಷೆ ಪೇಪರಿಗೆ ನೀವು ಅಂಕಿ ಸೇರಿಸಿದ್ರಾ ಭಾವ?" ನನ್ನ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು.

"ಪಾಪ ಕಣಮ್ಮಾ, ಒಂದಕ್ಕೂ ಜೊತೆ ಇರ್ಲಿಲ್ಲ. ಎಲ್ಲಾ ಒಂಟೊಂಟಿ ನಿಂತಿದ್ವು. ಯಾರಿಗಾದ್ರೂ ಒಬ್ರಿಗೆ ಒಳ್ಳೇದಾಗ್ಲಿ ಅಂತ ಹಾಕ್ದೆ."

ವ್ಯಾಪ್ತಿಯ ಕಥೆ ಇನ್ನೂ ದೊಡ್ಡದು. ಮೂರು ಸಲವೂ ಅವರು ಎರಡು ಅಂಕಿ ಬರೆದು ಬಿಟ್ಟು ಬಂದಿದ್ದರು: ದೊಡ್ಡದು ಇಷ್ಟು, ಚಿಕ್ಕದು ಇಷ್ಟು. ಮುಂದೆ ಕಳೆಯುವ ಮಾತೇ ಇಲ್ಲ. ಪುಸ್ತಕದಲ್ಲಿ ಗರಿಷ್ಠ, ಒಂದು ಅಡ್ಡಗೆರೆ, ಕನಿಷ್ಠ ಅಂತ ಅಚ್ಚಾಗಿದೆಯಲ್ಲ ಎಂದು ನಾನು ಬೆರಳಿಟ್ಟು ತೋರಿಸಿದೆ. ಭಾವ ನಕ್ಕರು. "ನಮ್ಮ ಆಫೀಸಿನ ಬಾಗಿಲ ಮೇಲೆ ಏನಂತ ಬರೆದಿದೆ ಹೇಳು. ಕಚೇರಿ ಸಮಯ ಹತ್ತು, ಅಡ್ಡಗೆರೆ, ಐದು. ಯಾರಾದ್ರೂ ಹತ್ತರಲ್ಲಿ ಐದು ಕಳ್ದು, ಕಚೇರಿ ಸಮಯ ಐದು ಅಂತಾರಾ? ಆ ಗೆರೆ ಅಂದ್ರೆ ಇಲ್ಲಿಂದ ಅಲ್ಲೀವರೆಗೆ ಅಂತ."

ಇವರ ವಾದಕ್ಕೆ ಇಡೀ ಬೀದಿಯ ಮಕ್ಕಳು ತಲೆದೂಗಿದರು. ಅಕ್ಕನ ಮಗಳು, ನಮ್ಮ ಪುಟ್ಟಿ, ಅದೇ ಶಾಲೆಯಲ್ಲಿ ಅದೇ ಹತ್ತನೇ ಕ್ಲಾಸು. ಅವಳೊಬ್ಬಳು ಕಳೆಯುತ್ತಿದ್ದಳು, ಆದರೆ ಪ್ರಶ್ನೆಯಲ್ಲಿ ಮೊದಲು ಬಂದ ಅಂಕಿಯಿಂದ ಕೊನೆಗೆ ಬಂದದ್ದನ್ನು. ಒಮ್ಮೆ ಸೊನ್ನೆಗಿಂತ ಕಡಿಮೆ ಬಂದರೂ ಅವಳಿಗೆ ಅನುಮಾನ ಬರಲಿಲ್ಲ. ಅಪ್ಪನಂತೆ ಮಗಳು.

ಬರೀ ನಮ್ಮ ಮನೆಯಲ್ಲ, ಆ ಶಾಲೆಯ ಮಕ್ಕಳೆಲ್ಲ ವರ್ಷವರ್ಷವೂ ಎರಡಂಕಿ ಬರೆದು ಬಿಟ್ಟು ಬರುತ್ತಿದ್ದರು. ಹೆಡ್ ಮೇಡಂ ತಲೆ ಕೆಡಿಸಿಕೊಂಡಿದ್ದರು. ಕಾರಣ ಮಾತ್ರ ಕಣ್ಣೆದುರಿಗೇ ಇತ್ತು. ಗಣಿತದ ಮೇಷ್ಟ್ರು ನಿಧಾನಸ್ಥರು. ಬಂದು ಕನ್ನಡಕ ಒರೆಸಬೇಕು, ಹಾಜರಿ ಕೂಗಬೇಕು, ಬೋರ್ಡಿನ ಮೇಲೆ ಸ್ಕೇಲು ಇಟ್ಟು ಗೆರೆ ಎಳೆಯಬೇಕು, ಗೆರೆ ಸೊಟ್ಟಗಾದರೆ ಅಳಿಸಿ ಮತ್ತೆ ಎಳೆಯಬೇಕು. ಬಹುಲಕ ಮುಗಿಸಿ ವ್ಯಾಪ್ತಿಗೆ ಬಂದು, "ಅತಿ ದೊಡ್ಡದು, ಅತಿ ಚಿಕ್ಕದು, ಎರಡನ್ನೂ ತಗೊಂಡು..." ಅನ್ನುವಷ್ಟರಲ್ಲಿ ಗೇಟಿನಿಂದ ಢಣ್ ಢಣ್. ಮಾರನೇ ದಿನ ಬೇರೆ ಪಾಠ. ಅವರು ಆ ಶಾಲೆಗೆ ಬಂದಾಗಿನಿಂದ ಆ ವಾಕ್ಯ ಮುಗಿದೇ ಇರಲಿಲ್ಲ. ಮುಗಿಸಬೇಕಾದವರು ಮೇಷ್ಟ್ರು, ಮುಗಿಯಗೊಡದವರು ನಮ್ಮ ಭಾವ. ಇಬ್ಬರಿಗೂ ಅದು ಗೊತ್ತಿರಲಿಲ್ಲ.

ಈಗ ಗಡಿಯಾರದ ವಿಷಯ ಹೇಳಬೇಕು. ಆ ಶಾಲೆಯಲ್ಲಿ ಮೂರು ಗಡಿಯಾರ ಇದ್ದವು. ಆಫೀಸಿನದು ಮುಂದೆ ಓಡುತ್ತಿತ್ತು, ಮೇಷ್ಟ್ರುಗಳ ಕೋಣೆಯದು ಹಿಂದೆ ಬೀಳುತ್ತಿತ್ತು, ಹೆಡ್ ಮೇಡಂ ಕೋಣೆಯದು ತಾನೇ ಸರಿ ಅನ್ನುತ್ತಿತ್ತು. ಅದಕ್ಕೆ ಸರಿಯಾಗಿ, ಹಳೆಯ ವಿದ್ಯಾರ್ಥಿ ಒಬ್ಬ ಗಡಿಯಾರದ ಅಂಗಡಿ ಇಟ್ಟವನು ಇನ್ನೆರಡು ಹೊಸ ಗಡಿಯಾರ ದಾನ ಕೊಟ್ಟ. ಅಂಗಡಿಯಲ್ಲಿ ಹೊಸ ಗಡಿಯಾರಕ್ಕೆ ಮುಳ್ಳು ಹೇಗೆ ಇಟ್ಟಿರುತ್ತಾರೋ ಹಾಗೇ, ಎರಡರಲ್ಲೂ ಹತ್ತು ಗಂಟೆ ಹತ್ತು ನಿಮಿಷ. ಪ್ಲಾಸ್ಟಿಕ್ ಹೊದಿಕೆ ಸಮೇತ ವರಾಂಡದಲ್ಲಿ ತೂಗುಹಾಕಿ, ಚಪ್ಪಾಳೆ ತಟ್ಟಿ, ಎಲ್ಲರೂ ಹೋದರು. ಸೆಲ್ ಹಾಕುವುದು ಯಾರು ಅಂತ ತೀರ್ಮಾನ ಆಗಲಿಲ್ಲ, ಹಾಗಾಗಿ ಹಾಕಲಿಲ್ಲ.

ಅದೇ ವಾರ ಒಂದು ಬೆಳಿಗ್ಗೆ ಭಾವನಿಗೆ ಸರಿಯಾಗಿ ಮಂಗಳಾರತಿಯಾಯಿತು. ಗಂಟೆ ಐದು ನಿಮಿಷ ಬೇಗ ಹೊಡೆಯುತ್ತೀರಿ ಅಂತ ಹೆಡ್ ಮೇಡಂ, ಹತ್ತು ನಿಮಿಷ ಬೇಗ ಅಂತ ಮೇಷ್ಟ್ರುಗಳು. ಬೈದವರು ಬೈದರು, ಮೇಡಂ ಮೀಟಿಂಗ್ ಇದೆ ಅಂತ ಮೇಲಿನ ಕಚೇರಿಗೆ ಹೊರಟುಹೋದರು. ಭಾವ ಮುಖ ಸಣ್ಣ ಮಾಡಿಕೊಂಡು ಕಿಟಕಿಯ ಹತ್ತಿರ ಬಂದು ಕೂತರು. ಎರಡನೇ ಪೀರಿಯಡ್ಡು, ಗಣಿತ. ಅವತ್ತಿನ ಪಾಠ ಬಹುಲಕ ಮತ್ತು ವ್ಯಾಪ್ತಿ. ಒಳಗೆ ಪುಟ್ಟಿಯೂ ಇದ್ದಳು, ಮುಂದಿನದೆಲ್ಲ ಅವಳು ಕಣ್ಣಾರೆ ಕಂಡು ನನಗೆ ಹೇಳಿದ್ದು.

ಮೇಷ್ಟ್ರು ಬೋರ್ಡಿಗೆ ಬೆನ್ನು ಮಾಡಿ ಹೇಳಿದರಂತೆ, "ಎಲ್ರೂ ತಪ್ಪು ಮಾಡೋದು ಇಲ್ಲೇ. ಎಷ್ಟು ಸಲ ಬಂತು ಅನ್ನೋದು ಬಹುಲಕ ಅಲ್ಲ. ಹೆಚ್ಚು ಸಲ ಬಂದಿದ್ದು ಯಾವುದು, ಅದು ಬಹುಲಕ. ನಾಲ್ಕು ಜನ ನಾಲ್ಕು ಮಾತಾಡಿದ್ರೂ, ಇಬ್ರು ಒಂದೇ ಮಾತಾಡಿದ್ರೆ ಅದನ್ನ ಹಿಡ್ಕೊಳ್ಳಿ."

ಭಾವನಿಗೆ ಜ್ಞಾನೋದಯವಾಯಿತು. ಎಷ್ಟು ಸಲ ಅಲ್ಲ, ಯಾವುದು! ಹೊತ್ತಾಯಿತೆಂದು ಎದ್ದು ಆಫೀಸಿನ ಕಡೆ ಹೊರಟರು, ತಲೆಯಲ್ಲಿ ಅದೇ ಗುನುಗು. ಆಫೀಸಿನ ಗಡಿಯಾರ ನೋಡಿದರು, ಹತ್ತೂವರೆ. ಮೇಷ್ಟ್ರುಗಳ ಕೋಣೆಗೆ ಇಣುಕಿದರು, ಹತ್ತು ಇಪ್ಪತ್ತು. ಮೇಡಂ ಕೋಣೆಯಲ್ಲಿ ಹತ್ತು ಇಪ್ಪತ್ತೈದು. ತಲೆಗೊಂದು ಮಾತು. ವರಾಂಡಕ್ಕೆ ಬಂದರೆ ಎರಡು ಹೊಸ ಗಡಿಯಾರಗಳು ಒಂದೇ ಬಾಯಲ್ಲಿ ಹತ್ತು ಹತ್ತು ಅನ್ನುತ್ತಿವೆ. ಇನ್ನೇನು ಬೇಕು? ಸುತ್ತಿಗೆಯನ್ನು ಇದ್ದಲ್ಲೇ ಬಿಟ್ಟು ವಾಪಸ್ ಬಂದು ಸ್ಟೂಲಿನ ಮೇಲೆ ಕೂತರು. ಹತ್ತು ಹತ್ತಕ್ಕೆ ಯಾವ ಗಂಟೆಯೂ ಇಲ್ಲ.

ಒಳಗೆ ಮೇಷ್ಟ್ರು ವ್ಯಾಪ್ತಿಗೆ ಬಂದಿದ್ದರು. "ಅತಿ ದೊಡ್ಡದು, ಅತಿ ಚಿಕ್ಕದು, ಎರಡನ್ನೂ ತಗೊಂಡು..."

ಗೇಟಿನ ಕಡೆ ಕಿವಿ ಕೊಟ್ಟರು. ಗಂಟೆ ಇಲ್ಲ.

ಕನ್ನಡಕ ತೆಗೆದು ಒರೆಸಿದರು. "ಎರಡನ್ನೂ ತಗೊಂಡು..." ಸೀಮೆಸುಣ್ಣ ಜೋಡಿಸಿದರು, ಪುಸ್ತಕ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡರು, ಬಾಗಿಲವರೆಗೆ ಹೋಗಿ ಬಂದರು. ಮಕ್ಕಳೂ ಬ್ಯಾಗು ಮುಚ್ಚಿ ಕಾದರು. ಗಂಟೆಯ ಸುದ್ದಿಯೇ ಇಲ್ಲ.

ಕೊನೆಗೆ ಕಿಟಕಿಯಲ್ಲಿ ಭಾವನ ಮುಖ ಕಂಡಿತು. "ಏನಯ್ಯಾ, ಗಂಟೆ?"

"ಇನ್ನೂ ಹತ್ತು ಹತ್ತು ಸಾರ್," ಅಂದರು ಭಾವ, ಹೆಮ್ಮೆಯಿಂದ. "ಬಹುಲಕ."

ಪುಟ್ಟಿ ಬೆಂಚಿನಿಂದ ಎದ್ದು ಕೇಳಿದಳಂತೆ, "ಸಾರ್, ಎರಡನ್ನೂ ತಗೊಂಡು ಏನ್ ಮಾಡ್ಬೇಕು?"

ಮೇಷ್ಟ್ರ ಹಣೆಯ ಮೇಲೆ ಬೆವರು ಒಡೆಯಿತು. ಒರಗಲು ಹೋದ ಗೋಡೆ ಅಲ್ಲಿಲ್ಲದೆ ಮುಗ್ಗರಿಸಿದವರ ಹಾಗೆ ನಿಂತರು. ಆಮೇಲೆ ಮೆಲ್ಲಗೆ, ಗುಟ್ಟು ಹೇಳುವವರಂತೆ ಹೇಳಿದರು: "ದೊಡ್ಡದರಲ್ಲಿ ಚಿಕ್ಕದನ್ನ ಕಳೀಬೇಕು."

"ಕಳೀಬೇಕಾ!" ಅಂತ ಕಿಟಕಿಯಿಂದ ಕೂಗು ಬಂತು. ಭಾವ ಸರಳು ಹಿಡಿದುಕೊಂಡು ಎದ್ದು ನಿಂತಿದ್ದರು. "ಹಂಗಾದ್ರೆ ಆಫೀಸಿನ ಬಾಗಿಲ ಮೇಲೆ?"

"ಅದು ಬೇರೆ ಕಣಯ್ಯಾ. ಇದು ಕಳೆಯೋ ಗೆರೆ."

ಬಾಯಿ ಬಿಟ್ಟ ಮೇಲೆ ಮೇಷ್ಟ್ರನ್ನು ಹಿಡಿಯುವವರೇ ಇರಲಿಲ್ಲ. ಎಷ್ಟೋ ವರ್ಷದಿಂದ ಕಟ್ಟಿಟ್ಟದ್ದೆಲ್ಲ ಹೊರಗೆ ಬಂತು. ಅಂಕಿಗಳನ್ನು ಮೊದಲು ಸಾಲಾಗಿ ನಿಲ್ಲಿಸಿಕೊಳ್ಳಿ, ಪ್ರಶ್ನೆಯಲ್ಲಿ ಮೊದಲು ಬಂದದ್ದು ದೊಡ್ಡದಾಗಿರಬೇಕಿಲ್ಲ, ಕೊನೆಗೆ ಬಂದದ್ದು ಚಿಕ್ಕದಾಗಿರಬೇಕಿಲ್ಲ, ಯಾವುದೂ ಎರಡು ಸಲ ಬರದಿದ್ದರೆ ಬಹುಲಕ ಇಲ್ಲ ಅಂತ ಬರೀರಿ, ನೀವಾಗಿ ಏನನ್ನೂ ಸೇರಿಸಬೇಡಿ. ಕೊನೆಯ ಮಾತಿಗೆ ಭಾವ ತಲೆ ತಗ್ಗಿಸಿದರಂತೆ. ಬೋರ್ಡು ತುಂಬಿತು, ಅಳಿಸಿದರು, ಮತ್ತೆ ತುಂಬಿತು. ಭಾವ ನಡುನಡುವೆ ಎದ್ದು ಹೋಗಿ ವರಾಂಡ ನೋಡಿ ಬರುತ್ತಿದ್ದರು. "ಇವತ್ಯಾಕೋ ಹೊತ್ತೇ ಹೋಗ್ತಿಲ್ಲ," ಅಂದುಕೊಂಡು ಮತ್ತೆ ಕೂರುತ್ತಿದ್ದರು.

ಉಳಿದ ಕ್ಲಾಸುಗಳ ಪಾಡು ಕೇಳಿ. ಎಲ್ಲ ಮೇಷ್ಟ್ರ ಕೈಯಲ್ಲೂ ವಾಚು, ಜೇಬಿನಲ್ಲಿ ಮೊಬೈಲು. ಆದರೂ ಗಂಟೆ ಹೊಡೆಯದೆ ಪೀರಿಯಡ್ಡು ಮುಗಿಯುವುದು ಅಂದರೇನು? ಇತಿಹಾಸದ ಮೇಡಂ ಒಂದು ಯುದ್ಧ ಮುಗಿಸಿ, ಸಂಧಿ ಮಾಡಿಸಿ, ವಿಧಿಯಿಲ್ಲದೆ ಮುಂದಿನ ಯುದ್ಧಕ್ಕೆ ಹೊರಟರು. ಡ್ರಿಲ್ ಮೇಷ್ಟ್ರು ಗಂಟೆ ಹೊಡೆಯುವವರೆಗೆ ಓಡಿ ಅಂದಿದ್ದರು, ಆ ಮಕ್ಕಳು ಮೈದಾನ ಸುತ್ತುತ್ತಲೇ ಇದ್ದವು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ.

ಹೆಡ್ ಮೇಡಂ ವಾಪಸ್ ಬಂದಾಗ ಮಧ್ಯಾಹ್ನ ಒಂದು ಗಂಟೆ. ಊಟದ ಡಬ್ಬಿಗಳೆಲ್ಲ ಮುಚ್ಚಿದ ಹಾಗೇ ಇವೆ, ಮೈದಾನದಲ್ಲಿ ಮಕ್ಕಳು ತೆವಳುತ್ತಿವೆ.

"ಏನ್ರೀ ಇದು, ಎಷ್ಟನೇ ಪೀರಿಯಡ್ಡು?"

"ಎರಡನೇದು ಮೇಡಂ."

"ಟೈಮೆಷ್ಟು?"

"ಹತ್ತು ಹತ್ತು."

"ಯಾರು ಹೇಳಿದ್ದು?"

"ಬಹುಲಕ ಮೇಡಂ. ಐದರಲ್ಲಿ ಎರಡು ಗಡಿಯಾರ ಒಂದೇ ಮಾತು ಹೇಳ್ತಿವೆ. ನಿಮ್ಮ ರೂಮಿಂದು ಒಂಟಿ."

"ಅವಕ್ಕೆ ಸೆಲ್ಲೇ ಹಾಕಿಲ್ಲ ಕಣ್ರೀ!"

"ಅದಕ್ಕೇ ಮೇಡಂ, ಅವು ಮಾತು ಬದಲಾಯ್ಸೋದಿಲ್ಲ."

ಮೇಡಂ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರಂತೆ. ಆಮೇಲೆ ಎದ್ದು ಫೋನು ಮಾಡಿ, ಕರೆಂಟಿನ ಗಂಟೆಗೆ ಬರುವ ವರ್ಷದವರೆಗೆ ಕಾಯುವುದು ಬೇಡ, ಪರೀಕ್ಷೆ ಮುಗಿದ ಕೂಡಲೇ ಬಂದು ಹಾಕಿ ಅಂದರು. ಭಾವನಿಗೆ ಹೇಳಿದ್ದು ಇಷ್ಟೇ: "ಇದೇ ಕೊನೇ ಸಲ. ಪಾಸಾದ್ರೆ ಲ್ಯಾಬಿಗೆ ಬನ್ನಿ. ಇಲ್ಲಾಂದ್ರೆ ನನ್ನ ಕಣ್ಣಿಗೆ ಬೀಳ್ಬೇಡಿ."

ಈ ಸುದ್ದಿ ಪುಟ್ಟಿಯ ಬಾಯಿಂದ ಮೊದಲೇ ಮನೆಗೆ ಬಂದಿತ್ತು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲಲ್ಲೇ ನಿಂತಿದ್ದಳು. ಭಾವ ಬಂದರು, ಮುಖ ಅರಳಿಸಿಕೊಂಡು. "ಕಳೀಬೇಕಂತೆ ಕಣೇ!" ಅಂದರು. "ಇಷ್ಟು ವರ್ಷ ಯಾರೂ ಹೇಳ್ಲೇ ಇಲ್ಲ ನೋಡು!"

"ನಾನು ಹೇಳಿದ್ದೆ ಭಾವ, ಬೆರಳಿಟ್ಟು ತೋರ್ಸಿದ್ದೆ," ಅಂತ ನಾನು ಕಿರುಚಿದೆ. ಯಾರು ಕೇಳುತ್ತಾರೆ?

ಅವತ್ತಿನಿಂದ ಮನೆಯಲ್ಲಿ ಕಳೆಯುವುದೇ ಕೆಲಸ. ನನ್ನ ಅಳತೆ ಟೇಪು ತಗೊಂಡು ಮನೆಯ ಎಲ್ಲ ಸೌಟುಗಳ ವ್ಯಾಪ್ತಿ ತೆಗೆದರು. ಚಪ್ಪಲಿಗಳ ವ್ಯಾಪ್ತಿ ತೆಗೆದರು. ಕೊನೆಗೆ ನಮ್ಮನ್ನೆಲ್ಲ ಗೋಡೆಗೆ ನಿಲ್ಲಿಸಿ ಎತ್ತರ ಅಳೆದು, ತಾವು ಎಲ್ಲರಿಗಿಂತ ಉದ್ದ, ಪುಟ್ಟಿ ಎಲ್ಲರಿಗಿಂತ ಗಿಡ್ಡ, ಇಷ್ಟೇ ಮನೆಯ ವ್ಯಾಪ್ತಿ ಅಂದರು.

"ನಾನು, ಅಕ್ಕ?"

"ಮಧ್ಯದವರು ಲೆಕ್ಕಕ್ಕೆ ಬರಲ್ಲ ಕಣಮ್ಮಾ. ವ್ಯಾಪ್ತಿಗೆ ಎರಡು ತುದಿ ಸಾಕು."

ನನಗೆ ಮೈಯೆಲ್ಲ ಉರಿಯಿತು. ಮನೆಮಂದಿಯ ಬಟ್ಟೆಯನ್ನೆಲ್ಲ ಹೊಲಿಯುವವಳು ಲೆಕ್ಕಕ್ಕೆ ಬರುವುದಿಲ್ಲವಂತೆ! ಟೇಪು ಕಿತ್ತುಕೊಂಡೆ. ಆದರೆ ಅವರು ಹೇಳಿದ್ದು ಸರಿಯಾಗಿತ್ತು, ಅದೇ ಸಂಕಟ. ಮೊದಲ ಬಾರಿಗೆ ಈ ಮನುಷ್ಯನಿಗೆ ಒಂದು ವಿಷಯ ಕೊನೆಯವರೆಗೂ ಗೊತ್ತಿತ್ತು. ಅಕ್ಕನೂ ಅದನ್ನು ಗಮನಿಸಿದ್ದಳು. ಕೆಲಸ ಹೋದರೆ ಏನು ಗತಿ ಅಂತ ಒಳಗೊಳಗೇ ಬೇಯುತ್ತಿದ್ದವಳು, ಆ ವಾರ ಒಲೆಯ ಮುಂದೆ ಏನೋ ಗುನುಗುತ್ತಿದ್ದಳು.

ಪರೀಕ್ಷೆ ಅದೇ ಶಾಲೆಯಲ್ಲಿ. ಖಾಸಗಿಯಾಗಿ ಕಟ್ಟಿದವರಿಗೆ ಗೇಟಿನ ಹತ್ತಿರದ ಕೋಣೆ, ಪುಟ್ಟಿಗೆ ಮೇಲಿನ ಮಹಡಿ. ಭಾವ ಪರೀಕ್ಷೆ ಬರೆಯುವವರಾದ್ದರಿಂದ ಅವತ್ತು ಗಂಟೆಯ ಜವಾಬ್ದಾರಿ ತೋಟದ ಮಾಲಿಗೆ ಕೊಟ್ಟಿದ್ದರು. ನಾನೂ ಅಕ್ಕನೂ ಗೇಟಿನ ಹೊರಗೆ ಕಾಯುತ್ತಾ ನಿಂತೆವು. ಕೋಣೆಯ ಕಿಟಕಿಯಲ್ಲಿ ಭಾವನ ತಲೆ ಕಾಣುತ್ತಿತ್ತು. ಬಗ್ಗಿ ಬರೆಯುತ್ತಿದ್ದರು, ಮಧ್ಯೆ ಒಮ್ಮೆ ತಲೆ ಎತ್ತಿ ನಮ್ಮನ್ನು ನೋಡಿ ನಕ್ಕರು.

"ವ್ಯಾಪ್ತಿ ಬಂದಿದೆ ಅನ್ಸತ್ತೆ ಕಣೇ," ಅಂದಳು ಅಕ್ಕ. ನನ್ನ ಕೈ ಹಿಡಿದುಕೊಂಡಿದ್ದಳು, ಬಿಡಲಿಲ್ಲ.

ಹೊತ್ತು ಹೋಯಿತು. ಮಾಲಿ ಸುತ್ತಿಗೆ ಹಿಡಿದುಕೊಂಡು ಕಂಬಿಯ ಹತ್ತಿರ ಬಂದು, ವಾಚು ನೋಡಿಕೊಂಡು ನಿಂತ. ಆಗ ಕಿಟಕಿಯಲ್ಲಿ ಭಾವನ ತಲೆ ಎದ್ದಿತು. ತಲೆಯ ಹಿಂದೆ ಇಡೀ ಭಾವ ಎದ್ದರು. ಮೇಲ್ವಿಚಾರಕರ ಮೇಜಿನ ಮೇಲೆ ಉತ್ತರ ಪತ್ರಿಕೆ ಇಟ್ಟರು, ಬಾಗಿಲು ದಾಟಿದರು, ದಿನವೂ ನಡೆಯುವ ಹಾಗೆ ಸೀದಾ ಕಂಬಿಯ ಹತ್ತಿರ ನಡೆದು ಬಂದರು. ಕೈ ಚಾಚಿದರು. ಆ ಮಾಲಿಯಾದರೂ ಏನಪ್ಪಾ ಅಂತ ಕೇಳಬೇಡವೇ? ದಿನವೂ ನೋಡಿದ ಕೈ, ಸುತ್ತಿಗೆ ಕೊಟ್ಟುಬಿಟ್ಟ. ಭಾವ ಮಾಲಿಯ ವಾಚಿನ ಮುಳ್ಳು ಜಾಗಕ್ಕೆ ಬರುವವರೆಗೆ ಕಾದು, ನಿಮಿಷ ತಪ್ಪದ ಹಾಗೆ ಗಂಟೆ ಹೊಡೆದರು. ಅಷ್ಟು ಚೆನ್ನಾಗಿ ಅವರು ಎಂದೂ ಹೊಡೆದಿರಲಿಲ್ಲ.

"ಎಲ್ಲಾ ಬರೆದ್ರಾ ಭಾವ?" ಅಂದೆ ಗೇಟಿನ ಸರಳಿನಿಂದ.

ನಗುತ್ತಾ ತಿರುಗಿದರು. ಆಮೇಲೆ ಕೈಯಲ್ಲಿದ್ದ ಸುತ್ತಿಗೆ ನೋಡಿಕೊಂಡರು. ಆಮೇಲೆ ಕೋಣೆಯ ಕಡೆ ನೋಡಿದರು. ಒಳಗೆ ಪತ್ರಿಕೆಗಳನ್ನು ಕಟ್ಟುತ್ತಿದ್ದರು.

"ವ್ಯಾಪ್ತಿ ಕೊನೇಗಿಟ್ಕೊಂಡಿದ್ದೆ," ಅಂದರು. "ಗೊತ್ತಿರೋದಲ್ವಾ, ಆರಾಮಾಗಿ ಬರೆಯೋಣ ಅಂತ. ದೊಡ್ಡದು ನಲವತ್ತೆರಡು, ಚಿಕ್ಕದು ಹದಿನೆಂಟು ಅಂತ ಬರೆದೆ. ಅಷ್ಟರಲ್ಲಿ ಗಂಟೆಗೆ ಹೊತ್ತಾಯ್ತು."

ಅಕ್ಕ ಗೇಟಿಗೆ ಒರಗಿಕೊಂಡು ಕಣ್ಣು ಮುಚ್ಚಿದಳು. ನಾನು ಸುಮ್ಮನಿರುವ ಜಾತಿಯವಳಲ್ಲ. ಹುಟ್ಟುಗುಣ ಸುಟ್ಟರೂ ಹೋಗೋದಿಲ್ಲ ಅಂತ ಶುರುಮಾಡಿದವಳು ನಡೆಯುತ್ತಾ ಬೈಯುತ್ತಲೇ ಹೋದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಯಾರು ಹೇಳಿದ್ದರು ನಿಮಗೆ ಎದ್ದು ಬರೋದಕ್ಕೆ, ನಿಮ್ಮ ಕಾಲಿಗೆ ಹಗ್ಗ ಹಾಕಿ ಬೆಂಚಿಗೆ ಕಟ್ಟಬೇಕಾಗಿತ್ತು. ಅರ್ಧ ದಾರಿಯಲ್ಲಿ ತಿರುಗಿ ನೋಡಿದೆ. ಭಾವ ಪಕ್ಕದಲ್ಲೇ ನಡೆಯುತ್ತಿದ್ದರು. ಮುಂದೆ ಹೋಗಿಬಿಟ್ಟಿರಲಿಲ್ಲ, ಮಾತು ತಪ್ಪಿಸಿಕೊಂಡಿರಲಿಲ್ಲ, ಪೂರ್ತಿ ಕೇಳಿಸಿಕೊಳ್ಳುತ್ತಿದ್ದರು. ಅದನ್ನು ನೋಡಿ ನನಗೆ ಮುಂದಕ್ಕೆ ಬೈಯಲಾಗಲಿಲ್ಲ.

ಫಲಿತಾಂಶ ಬರುವ ಮೊದಲೇ ಕರೆಂಟಿನ ಗಂಟೆ ಬಂತು. ಕಂಬಿ ಇಳಿಸಿದರು. ಭಾವ ಮನೆಯಲ್ಲಿ ಕೂತರು. ಆಗಾಗ ಎದ್ದು ಬಾಗಿಲವರೆಗೆ ಹೋಗಿ, ಯಾಕೆ ಬಂದೆ ಅಂತ ತಿಳಿಯದೆ ವಾಪಸ್ ಬರುತ್ತಿದ್ದರು. ಅಕ್ಕ ಬೈಯುವುದನ್ನೇ ಬಿಟ್ಟಳು. ನಿಜವಾಗಿ ಹೇಳುತ್ತೇನೆ, ಆ ಮನೆಯಲ್ಲಿ ನನಗೆ ಹೆದರಿಕೆಯಾದದ್ದು ಆಗಲೇ.

ಫಲಿತಾಂಶದ ದಿನ ಪುಟ್ಟಿ ಮೊಬೈಲು ಹಿಡಿದುಕೊಂಡು ನನ್ನ ಮಿಷನ್ನಿನ ಪಕ್ಕ ನಿಂತಿದ್ದಳು. ಅವಳದು ಮೊದಲು ಬಂತು, ಚೆನ್ನಾಗಿಯೇ ಪಾಸಾಗಿದ್ದಳು. ಅಪ್ಪನ ನಂಬರು ಒತ್ತಿದಳು. ಕಣ್ಣರಳಿಸಿ ಮೊಬೈಲನ್ನು ಮುಖದ ಹತ್ತಿರ ಹಿಡಿದಳು. ನಾನೇ ಕಿತ್ತುಕೊಂಡು ನೋಡಿದೆ.

ಗಣಿತ ಮೂವತ್ತೈದು. ಪಾಸಾಗಲು ಬೇಕಾದದ್ದು ಮೂವತ್ತೈದು.

ಅಕ್ಕ ಜೋರಾಗಿ ಅತ್ತಳು, ಜೋರಾಗಿ ನಕ್ಕಳು, ಎರಡರ ಮಧ್ಯೆ ಗಂಡನ ಬೆನ್ನಿಗೆ ಎರಡು ಗುದ್ದಿದಳು. ಭಾವ ಮಾತ್ರ ನಂಬಲಾಗದವರಂತೆ ಕೂತಿದ್ದರು.

ಸಂಜೆ ಗಣಿತದ ಮೇಷ್ಟ್ರೇ ಮನೆಗೆ ಬಂದರು. ನನ್ನ ಬಟ್ಟೆ ಕತ್ತರಿಸುವ ಮೇಜಿನ ಮುಂದೆ ಕುರ್ಚಿ ಹಾಕಿಕೊಟ್ಟೆವು. ಭಾವ ಏನೇನು ಬರೆದಿದ್ದರು ಅಂತ ಒಂದೊಂದಾಗಿ ಕೇಳುತ್ತಾ ಬಂದು, ಕೊನೆಗೆ ಬೆರಳು ಎತ್ತಿದರು. "ವ್ಯಾಪ್ತಿಗೆ ಎರಡು ಅಂಕ. ದೊಡ್ಡದು, ಚಿಕ್ಕದು ಹುಡುಕಿ ಬರೆದಿದ್ದಕ್ಕೆ ಒಂದು, ಕಳೆದಿದ್ದಕ್ಕೆ ಒಂದು. ನಿನಗೆ ಸಿಕ್ಕಿರೋದು ಮೊದಲ್ನೇದು. ಅದೂ ಇಲ್ದಿದ್ರೆ ಮೂವತ್ನಾಲ್ಕು. ಅರ್ಧ ಉತ್ತರದಲ್ಲಿ ಪಾಸಾದೆ ಕಣಯ್ಯಾ."

ಆ ವರ್ಷ ಆ ಶಾಲೆಯ ಮಕ್ಕಳಲ್ಲಿ ವ್ಯಾಪ್ತಿಯ ಲೆಕ್ಕ ತಪ್ಪು ಮಾಡಿದವರು ಒಬ್ಬರೂ ಇಲ್ಲ ಅಂತಲೂ ಹೇಳಿದರು. ಕ್ಲಾಸಿಗೆ ಕ್ಲಾಸೇ ಕಳೆದಿತ್ತು. ಹೆಡ್ ಮೇಡಂ ಮೇಷ್ಟ್ರಿಗೆ ಶಾಲು ಹೊದಿಸಿದ್ದರಂತೆ.

ನಾವೆಲ್ಲ ನಕ್ಕೆವು. ಭಾವ ನಗಲಿಲ್ಲ. ಮೇಜಿನ ಅಂಚು ಉಜ್ಜುತ್ತಾ ಕೂತಿದ್ದವರು ಮೆಲ್ಲಗೆ ಹೇಳಿದರು, "ನಂಗೆ ಗೊತ್ತಿತ್ತು ಸಾರ್."

"ಏನು?"

"ಆಮೇಲೆ ಕಳೀಬೇಕು ಅಂತ. ಈ ಸಲ ಗೊತ್ತಿತ್ತು. ಪೇಪರ್ ನೋಡಿದವ್ರು, ಇವನಿಗೆ ಅರ್ಧಾನೇ ಬರೋದು ಅಂದ್ಕೊಂಡಿರ್ತಾರೆ." ಅವರ ಕಣ್ಣು ತುಂಬಿತ್ತು. ಕೆಲಸ ಸಿಕ್ಕ ಮನುಷ್ಯ ಒಂದು ಅಂಕಕ್ಕೆ ಅಳುತ್ತಾರಲ್ಲ ಅಂತ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಮೇಷ್ಟ್ರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ನಂಗೂ ಗೊತ್ತಿತ್ತಯ್ಯಾ," ಅಂದರು. "ಇಷ್ಟು ವರ್ಷ ಹೇಳೇ ಇರ್ಲಿಲ್ಲ." ಆಮೇಲೆ ಕನ್ನಡಕ ಸರಿಮಾಡಿಕೊಂಡು, ಕ್ಲಾಸಿನಲ್ಲಿ ಕೇಳುವ ಹಾಗೆ ಗಟ್ಟಿಯಾಗಿ ಕೇಳಿದರು. "ಎದ್ದು ನಿಲ್ಲು. ದೊಡ್ಡದು ನಲವತ್ತೆರಡು, ಚಿಕ್ಕದು ಹದಿನೆಂಟು. ವ್ಯಾಪ್ತಿ ಎಷ್ಟು?"

ಭಾವ ಎದ್ದು ನಿಂತರು. ಕೈ ಕಟ್ಟಿಕೊಂಡರು. "ಇಪ್ಪತ್ನಾಲ್ಕು ಸಾರ್."

ಮೇಷ್ಟ್ರು ಕೆಂಪು ಪೆನ್ನಿಗೆ ಜೇಬು ತಡಕಿದರು, ಸಿಗಲಿಲ್ಲ. ಮೇಜಿನ ಮೇಲಿದ್ದ ನನ್ನ ಗುರುತು ಹಾಕುವ ಸೀಮೆಸುಣ್ಣದ ಬಿಲ್ಲೆ ತಗೊಂಡು, ಮೇಜಿನ ಮರದ ಮೇಲೆ ದೊಡ್ಡದಾಗಿ ಒಂದು ಸರಿ ಗುರುತು ಹಾಕಿದರು. ಪಕ್ಕದಲ್ಲಿ ಎರಡಕ್ಕೆ ಎರಡು ಅಂತ ಬರೆದರು.

ಅಕ್ಕ ಎಲ್ಲರಿಗೂ ಊಟಕ್ಕೆ ಬಡಿಸಿದಳು. ಭಾವ ಕೊನೆಯ ತುತ್ತಿನವರೆಗೂ ಉಂಡರು, ತಟ್ಟೆ ಬಳಿದು ಉಂಡರು. ನಾನು ಈಗ ಬಟ್ಟೆ ಕತ್ತರಿಸುವುದು ಮೇಜಿನ ಇನ್ನೊಂದು ತುದಿಯಲ್ಲಿ.